ಇಲ್ಲದ ಹೊಲಕ್ಕೆ ಬುತ್ತಿ

ಶಾಂತಯ್ಯನಿಗೆ ಹೊಲ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ತಾನಾಗಿ ಬಾಯಿಬಿಟ್ಟು ಹೇಳುವ ಆಸಾಮಿ ಆತನಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಇಳಕಲ್ಲ ಸೀರೆಯ ಸೆರಗು ಬಿಚ್ಚಿ ತೋರಿಸುವುದು ಅವನ ಉದ್ಯೋಗ. ಬ್ಯಾಡ ಎಂದು ಮೆಟ್ಟಿಲಿಳಿದವರನ್ನು ವಾಪಸು ಕರೆದು ಜೋಡಿ ಸೀರೆ ಕಟ್ಟಿಸಿ ಕಳಿಸುವಂಥ ನಾಲಗೆ. ಇದ್ದ ತುಂಡು ನೆಲ ಅಜ್ಜನ ಕಾಲಕ್ಕೇ ಕೈಬಿಟ್ಟಿತ್ತು. ಈಗ ಅವನ ಹೆಸರಿಗೆ ಇದ್ದ ಮಣ್ಣೆಂದರೆ ಮಾಳಿಗೆಯ ಮೇಲೆ ಬಣ್ಣದ ಡಬ್ಬಿಯಲ್ಲಿ ಬೆಳೆದಿದ್ದ ಕರಿಬೇವಿನ ಬುಡದ್ದು ಮಾತ್ರ.

ಆತ ಬಚ್ಚಿಟ್ಟುಕೊಂಡಿದ್ದ ಇನ್ನೊಂದು ಸಂಗತಿ ಇತ್ತು. ಶಾಂತಯ್ಯ ಅಡುಗೆ ಮಾಡುತ್ತಿದ್ದ. ಯುಗಾದಿಗೊಮ್ಮೆ ಚಹಾ ಕಾಸಿ ಓಣಿಗೆಲ್ಲ ಡಂಗುರ ಸಾರುವ ಗಂಡಸರ ಅಡುಗೆಯಲ್ಲ. ದಿನಾ ಮುಂಜಾನೆ ರೊಟ್ಟಿ ಬಡಿದು, ಪಲ್ಯ ಮಾಡಿ, ಚಟ್ನಿಪುಡಿಯಂಥ ಹಿಂಡಿ ಕುಟ್ಟಿ ಡಬ್ಬಿ ತುಂಬುವ ಅಡುಗೆ. ತಾಯಿ ಮುರಿಗೆವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಅತ್ತೆಯಿಂದ ತನಗೆ ಬಂದದ್ದು ತನ್ನ ಜೊತೆಗೇ ಮಣ್ಣಾಗಬಾರದೆಂದು ಇದ್ದೊಬ್ಬ ಮಗನನ್ನೇ ಒಲೆಯ ಮುಂದೆ ಕೂಡಿಸಿಕೊಂಡು ಕಲಿಸಿದ್ದಳು. ಹೆಂಡತಿ ದಾಕ್ಷಾಯಿಣಿ ಗರಗದ ಸಾಲೆಯಲ್ಲಿ ಶಿಕ್ಷಕಿ, ನಸುಕಿನ ಬಸ್ಸು ಹಿಡಿಯುವವಳು. ಹೀಗಾಗಿ ಅಡುಗೆಮನೆ ಪೂರ್ತಿ ಶಾಂತಯ್ಯನ ರಾಜ್ಯ. ಆದರೆ ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾದರೆ ಸಾಕು, ಸೌಟು ಬಿಟ್ಟು ಪೇಪರು ಹಿಡಿದು ಕೂಡುತ್ತಿದ್ದ. ಒಮ್ಮೊಮ್ಮೆ ಪೇಪರು ತಲೆಕೆಳಗಾಗಿರುತ್ತಿತ್ತು. ಓಣಿಯ ಹೆಂಗಸರು ಬದನೆಕಾಯಿ ಎಣಗಾಯಿಯ ವಾಸನೆಗೆ ಬಂದು ಕೈರುಚಿ ಹೊಗಳಿದರೆ ದಾಕ್ಷಾಯಿಣಿ ಚೂರೂ ನಾಚದೆ ಒಪ್ಪಿಕೊಳ್ಳುತ್ತಿದ್ದಳು. ಮಾಡದ ಕೆಲಸಕ್ಕೆ ಬಂದ ಹೊಗಳಿಕೆಯನ್ನು ಯಾರು ಒಲ್ಲೆ ಎಂದಾರು.

ಇಂಥ ಶಾಂತಯ್ಯನ ಮಗಳು ನಾಗರತ್ನಾ ಧಾರವಾಡದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದಳು. ಅಲ್ಲೇ ವಕೀಲಿ ಮಾಡುವ ಬಸವಕಿರಣನೆಂಬ ಹುಡುಗನನ್ನು ಮೆಚ್ಚಿದ್ದಳು, ಅವನೂ ಇವಳನ್ನು ಮೆಚ್ಚಿದ್ದ. ಇಬ್ಬರೂ ಒಂದೇ ಕಡೆ ವಾದಿಸುತ್ತಿದ್ದ ಮೊದಲನೆಯ ಖಟ್ಲೆ ಇದು. ಉಳಿದದ್ದು ಹುಡುಗನ ಅಪ್ಪ ಫಕೀರಪ್ಪನವರ ಒಂದು ಹೂಂ. ಫಕೀರಪ್ಪನವರು ಧಾರವಾಡದ ದೊಡ್ಡ ಕಾಳಿನ ವ್ಯಾಪಾರಿ. ಹೆಬ್ಬಳ್ಳಿಯಲ್ಲಿ ಮನೆತನದ ಹೊಲ, ಅದಲ್ಲದೆ ಅಲ್ಲೊಂದು ಇಲ್ಲೊಂದು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟ ಹೊಲಗಳು. ಹೊಲ ಇಲ್ಲದವರನ್ನು ಅವರು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಯಾರೋ ಶಾಂತಯ್ಯನ ಕಿವಿಯಲ್ಲಿ ಊದಿದ್ದರು.

ಮಾತುಕತೆಗೆ ಹೋದ ದಿನ ಎಲ್ಲ ಸುರಳೀತ ನಡೆದಿತ್ತು. ಚಹಾ ಕುಡಿಯುವಾಗ ಫಕೀರಪ್ಪನವರು ಸಹಜವಾಗಿ, ಎಳ್ಳ ಅಮವಾಸ್ಯೆ ಬಂತಲ್ಲ, ನಿಮ್ಮ ಚರಗ ಯಾವ ಕಡೆ ಎಂದು ಕೇಳಿದರು. ಆ ಅಮವಾಸ್ಯೆಯ ಹೊತ್ತಿಗೆ ಹಿಂಗಾರಿ ಬೆಳೆ ತೆನೆಯ ಹೊಡೆ ಹಿರಿದಿರುತ್ತದೆ. ಭೂಮಿತಾಯಿ ಬಸುರಿ ಎಂದು ನಮ್ಮ ಕಡೆಯವರ ನಂಬಿಕೆ. ಬಸುರಿಯ ಬಯಕೆ ತೀರಿಸಬೇಕೆಂದು ಮನೆಯಲ್ಲಿ ಏನೇನು ಮಾಡಲು ಬರುತ್ತದೋ ಅದನ್ನೆಲ್ಲ ಮಾಡಿ, ಬುತ್ತಿ ಕಟ್ಟಿಕೊಂಡು ಹೋಗಿ ಹೊಲದ ತುಂಬ ಚೆಲ್ಲುತ್ತಾರೆ, ಅದೇ ಚರಗ. ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತಾರೆ. ಪ್ರಶ್ನೆ ಇಷ್ಟೇ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಶಾಂತಯ್ಯನ ನಾಲಗೆಗೆ ಗಿರಾಕಿಯ ಮುಂದೆ ಇಲ್ಲ ಎಂದು ಅಭ್ಯಾಸವಿರಲಿಲ್ಲ.

“ಅಮ್ಮಿನಬಾವಿ ಹಾದ್ಯಾಗ ನಮ್ದೊಂದು ಹೊಲ ಐತ್ರಿ,” ಎಂದುಬಿಟ್ಟ.

ಫಕೀರಪ್ಪನವರ ಮುಖ ಅರಳಿತು. ಹಾಗಾದರೆ ಈ ಸಲ ನಿಮ್ಮ ಹೊಲಕ್ಕೇ ಬರುತ್ತೇವೆ, ಹೆಬ್ಬಳ್ಳಿಯದನ್ನು ತಮ್ಮಂದಿರು ನೋಡಿಕೊಳ್ಳುತ್ತಾರೆ, ಬುತ್ತಿ ಉಂಡು ಅಲ್ಲೇ ಹೂಂ ಅಂತೇವೆ ಎಂದರು. ಚರಗಕ್ಕೆ ಬರುತ್ತೇವೆ ಎಂದವರಿಗೆ ಬರಬೇಡಿ ಎಂದ ಮನೆತನ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದಾಕ್ಷಾಯಿಣಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳು ನವಲೂರು ದಾಟಿದರೂ ತಿರುಗಲಿಲ್ಲ. ನಾಗರತ್ನಾ ಅಪ್ಪನಿಗೆ ಸುಳ್ಳುಸಾಕ್ಷಿಯ ಪರಿಣಾಮಗಳನ್ನು ಕಾನೂನಿನ ಪ್ರಕಾರ ವಿವರಿಸಿದಳು. ಮನೆ ತಲುಪಿದ ಮೇಲೆ ಮುರಿಗೆವ್ವ ಎಲ್ಲ ಕೇಳಿಸಿಕೊಂಡು, ಹೊಲ ಹುಡುಕುವುದು ನಿನ್ನ ಕೆಲಸ, ಬುತ್ತಿಗೆ ಮಾತ್ರ ಒಂದು ಪದಾರ್ಥ ಕಡಿಮೆಯಾದರೂ ನಾನು ಬರುವುದಿಲ್ಲ ಎಂದಳು. ವಯಸ್ಸಾಗಿ ಅವಳ ಕೈಯಲ್ಲಿ ಈಗ ಸೌಟು ನಿಲ್ಲುತ್ತಿರಲಿಲ್ಲ. ಬುತ್ತಿ ಮಾಡುವವನೂ ಶಾಂತಯ್ಯನೇ ಎಂಬುದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಹೊಲ ಸಿಕ್ಕಿತು. ಅಂಗಡಿಯ ಎದುರು ಗ್ಯಾರೇಜು ಇಟ್ಟಿದ್ದ ಅಬ್ದುಲಮಜೀದನದು. ಅಮ್ಮಿನಬಾವಿಯ ಆಚೆ ಅವನಿಗೊಂದು ಹೊಲವಿತ್ತು. ಮಧ್ಯಾಹ್ನ ಶಾಂತಯ್ಯನ ಡಬ್ಬಿಯ ಎಣಗಾಯಿಯಲ್ಲಿ ಪಾಲು ತಿಂದ ಋಣವೂ ಇತ್ತು. ಒಂದು ದಿನದ ಮಟ್ಟಿಗೆ ಹೊಲ ಬೇಕೆಂದು ಕೇಳಿದಾಗ ಮಜೀದ ಸ್ಪ್ಯಾನರು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಕ್ಕು ಮುಗಿದ ಮೇಲೆ ಅವನಿಗೆ ಹುರುಪು ಬಂತು. ಬರೀ ಹೊಲ ಕೊಟ್ಟರೆ ಬೀಗರು ನಂಬುವುದಿಲ್ಲ, ಲಾವಣಿ ಮಾಡುವ ರೈತನಂತೆ ನಾನೇ ರುಮಾಲು ಸುತ್ತಿಕೊಂಡು ಬಂದು ಧಣ್ಯಾರ ಎಂದು ಕೈ ಮುಗಿಯುತ್ತೇನೆ ಎಂದ. ಬ್ಯಾಡ ಮಾರಾಯ ಎಂದರೂ ಕೇಳದೆ ಗ್ಯಾರೇಜಿನಲ್ಲೇ ಕೈ ಮುಗಿಯುವ ತಾಲೀಮು ಶುರು ಮಾಡಿದ. ಗುರುತನ್ನೂ ಹೇಳಿದ: ಅಮ್ಮಿನಬಾವಿ ದಾಟಿ ಹಳ್ಳದ ಮೇಲಿನ ಸಣ್ಣ ಪೂಲಿನ ಆಚೆ, ಎಡಕ್ಕೆ ಬನ್ನಿಗಿಡ ಇರುವ ಹೊಲ.

ಹಬ್ಬದ ಹಿಂದಿನ ದಿನ ಶಾಂತಯ್ಯ ರಜೆ ಹಾಕಿ ಒಲೆಯ ಮುಂದೆ ಕುಳಿತ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಕಾಳುಪಲ್ಯ, ಕೆಂಪು ಮೆಣಸಿನಕಾಯಿಯ ರಂಜಕ, ಗುರೆಳ್ಳ ಹಿಂಡಿ, ಕಡೆಗೆ ಮನೆತನದ ಎಣಗಾಯಿ. ಮುರಿಗೆವ್ವ ಗೋಡೆಗೆ ಒರಗಿ ಕುಳಿತು ಮೂಗಿನಿಂದಲೇ ಕಾರಭಾರ ಮಾಡಿದಳು. ಉಪ್ಪು ಎಷ್ಟಾಯಿತೆಂದು ಅವಳು ನೆಕ್ಕಿ ನೋಡುತ್ತಿರಲಿಲ್ಲ, ಹಬೆ ಮೂಸಿ ಹೇಳುತ್ತಿದ್ದಳು. ಶಾಂತಯ್ಯನಿಗೆ ಒಳಗೊಳಗೇ ಭಯ. ಹೊಲದ್ದಲ್ಲ. ಮಗಳು ಅಪ್ಪನನ್ನು ಬೈದವಳು ಆಮೇಲೆ ಒಬ್ಬಳೇ ಮಾಳಿಗೆಯ ಮೇಲೆ ಕುಳಿತು ಅತ್ತದ್ದನ್ನು ನೋಡಿದ್ದ. ತನ್ನ ಬಾಯಿಂದ ಅವಳ ಸಂಬಂಧ ಮುರಿಯಬಾರದು ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡ.

ಮರುದಿನ ಟೆಂಪೊ ಮಾಡಿಕೊಂಡು ಹೊರಟರು. ಧಾರವಾಡದಲ್ಲಿ ಫಕೀರಪ್ಪನವರ ಕಾರು ಹಿಂದೆ ಸೇರಿಕೊಂಡಿತು. ಶಾಂತಯ್ಯ ಡ್ರೈವರನ ಪಕ್ಕದಲ್ಲಿ, ತೊಡೆಯ ಮೇಲೆ ಎಣಗಾಯಿಯ ಪಾತೇಲಿ. ರಸ್ತೆಯ ಗುಂಡಿಗಳಲ್ಲಿ ಒಂದು ಬದನೆಕಾಯಿಯೂ ಒಡೆಯಬಾರದೆಂದು ಅದನ್ನೇ ನೋಡುತ್ತ ಕುಳಿತಿದ್ದರಿಂದ ಪೂಲು ಯಾವಾಗ ಬಂತೋ ತಿಳಿಯಲಿಲ್ಲ. ತಲೆ ಎತ್ತಿದಾಗ ಎಡಕ್ಕೆ ಬನ್ನಿಗಿಡ ಕಂಡಿತು. ನಿಲ್ಲಿಸು ಎಂದು ಕೂಗಿದ. ಆ ಸೀಮೆಯಲ್ಲಿ ಬನ್ನಿಗಿಡ ಇಲ್ಲದ ಹೊಲವೇ ಇಲ್ಲ ಎಂಬುದು ಸೀರೆ ಅಂಗಡಿಯಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು. ಮಜೀದನ ಹೊಲ ಅದರ ಮುಂದಿನದು. ಎತ್ತರಕ್ಕೆ ಬೆಳೆದ ಬಿಳಿಜೋಳ ಅದನ್ನು ಪೂರ್ತಿ ಮರೆಮಾಡಿತ್ತು.

ಕಾರಿನಿಂದ ಇಳಿದ ಫಕೀರಪ್ಪನವರು ಬದುವಿನ ಮೇಲೆ ಕಾಲಿಟ್ಟವರೇ ಹಾಗೇ ನಿಂತರು. ಮುಚ್ಚುಮರೆ ಯಾಕೆ, ಆ ಹೊಲ ಅವರದೇ. ಅವರಪ್ಪ ಕೊಂಡದ್ದು, ಲಾವಣಿಗೆ ಕೊಟ್ಟದ್ದು. ಹಿಂದೆ ಬಂದ ಬಸವಕಿರಣನಿಗೂ ಗುರುತು ಹತ್ತಿತು. ಆತ ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಚಪ್ಪಲಿ ಅವನ ಕಾಲ ಮೇಲೆ ಬಿತ್ತು. ಫಕೀರಪ್ಪನವರ ಹೆಂಡತಿ ಲಕ್ಷ್ಮೀಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಬಂದು ಸುತ್ತ ನೋಡಿ, “ಅಯ್ಯ, ಇದು ನಮ್ಮ…” ಎಂದು ಶುರು ಮಾಡಿದರು.

“ನಮ್ಮ ಬೀಗರ ಹೊಲ,” ಎಂದರು ಫಕೀರಪ್ಪನವರು. “ಎಷ್ಟ ಛಲೋ ಐತಿ ನೋಡ.”

ಬೀಗರ ಎಂಬ ಮಾತು ಕೇಳಿ ಶಾಂತಯ್ಯನ ಎದೆ ಉಬ್ಬಿತು. ಉಬ್ಬಿದ ಎದೆಯವನ ಬಾಯಿ ಸುಮ್ಮನಿರುವುದುಂಟೇ. ಈ ಬನ್ನಿಗಿಡವನ್ನು ನಮ್ಮ ಅಜ್ಜ ಹಚ್ಚಿದ್ದು ಎಂದ. ಈ ಮಣ್ಣಿಗೆ ಒಂದು ಮಳೆಯಾದರೆ ಸಾಕು ಎಂದ. ಜೋಳದ ಸಾಲಿನ ನಡುವೆ ಮುಳ್ಳುಮುಳ್ಳಾಗಿ ಬೆಳೆದ ಗಿಡಗಳನ್ನು ತೋರಿಸಿ, ಈ ಕಸ ಒಂದು ಕೀಳಿಸಬೇಕಾಗಿದೆ, ಆಳು ಸಿಗುತ್ತಿಲ್ಲ ಎಂದು ಬೇಸರಪಟ್ಟ. ಅದು ಕುಸುಬಿ. ಕುಸುಬಿ ಎಣ್ಣೆಯ ವಾಸನೆ ಹಿಡಿದು ಇದು ಯಾವ ಗಾಣದ್ದೆಂದು ಹೇಳಬಲ್ಲ ಮನುಷ್ಯ ಗಿಡವನ್ನು ಅಂದೇ ಮೊದಲು ನೋಡಿದ್ದು. ಫಕೀರಪ್ಪನವರು ಹೌದ್ಹೌದು ಎಂದು ತಲೆಯಾಡಿಸಿ, ಆಳಿನ ತ್ರಾಸು ನಮಗೂ ಐತಿ ಎಂದರು. ಬಸವಕಿರಣ ಕೆಮ್ಮುತ್ತ ಕಾರಿನ ಹಿಂದೆ ಹೋದ.

ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದರು. ಮುರಿಗೆವ್ವ ಹಾಲೆರೆದು ಭೂಮಿಗೆ ಹಣೆ ಹಚ್ಚಿದಳು. ನಂತರ ಚರಗ. ಎಲ್ಲ ಅಡುಗೆಯನ್ನೂ ಒಂದು ಬುಟ್ಟಿಯಲ್ಲಿ ಕಲಸಿ, ಮುಂದಿನವನು ಹುಲ್ಲುಲ್ಲಿಗೋ ಎಂದು ಕೂಗಿ ಚೆಲ್ಲುತ್ತ ಹೋಗಬೇಕು, ಹಿಂದಿನವನು ಚಲ್ಲಂಬರಿಗೋ ಎಂದು ನೀರು ಚಿಮುಕಿಸುತ್ತ ಬರಬೇಕು. ಹೊಲದ ಸುತ್ತ ಒಂದು ಪ್ರದಕ್ಷಿಣೆ. ಶಾಂತಯ್ಯ ಬುಟ್ಟಿ ಹೊತ್ತು ಹುರುಪಿನಿಂದ ಹೊರಟ. ಸ್ವಲ್ಪ ದೂರ ಹೋದ ಮೇಲೆ ಅವನಿಗೆ ಒಂದು ಸಂಶಯ ಬಂತು. ಹೊಲ ಎಲ್ಲಿಗೆ ಮುಗಿಯುತ್ತದೆ? ಧಣಿಯಾದವನು ಇದನ್ನು ಯಾರಿಗೆ ಕೇಳಬೇಕು? ಕೂಗುತ್ತ ಕೂಗುತ್ತ ಮುಂದಿನವರ ಕಡಲೆಯಲ್ಲಿ ಕಾಲಿಟ್ಟುಬಿಟ್ಟ. ನೀರಿನ ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದ ಫಕೀರಪ್ಪನವರು ಮೆಲ್ಲಗೆ, “ಇತ್ತಲಾಗ ಹೊಳ್ರಿ ಬೀಗರ, ನಿಮ್ಮ ಬದು ಇಲ್ಲಿ ಐತಿ,” ಎಂದರು. ಹೀಗೆ ಪ್ರತಿ ಮೂಲೆಯಲ್ಲೂ ಆಯಿತು. ಊರಿನ ಹಿರಿಯರಿಗೆ ಬೇರೆಯವರ ಹೊಲದ ಬದುಗಳೂ ಗೊತ್ತಿರುತ್ತವಲ್ಲ ಎಂದು ಶಾಂತಯ್ಯ ಬೆರಗಾದ.

ಊಟಕ್ಕೆ ಕುಳಿತಾಗ ರಸ್ತೆಯಲ್ಲಿ ತಲಾಟಿಯ ಬೈಕು ಬಂತು. ಆ ಸೀಮೆಯ ಹೊಲಗಳ ಕಾಗದ ಪತ್ರವೆಲ್ಲ ಯಾರ ಕೈಯಲ್ಲಿರುತ್ತದೋ ಆ ತಲಾಟಿ. ಶಾಂತಯ್ಯ ಧಣಿಯ ಗತ್ತಿನಲ್ಲಿ ಕೈಬೀಸಿ ಕರೆದ. ತಲಾಟಿ ಬಂದು ಕುಳಿತು, ನೆರೆದವರನ್ನು ನೋಡಿ, “ಫಕೀರಪ್ಪ ಕಾಕಾ, ಈ ಸಲ ನಿಮ್ಮ…” ಎನ್ನುತ್ತಿದ್ದಂತೆ ಫಕೀರಪ್ಪನವರು ಒಂದು ಇಡೀ ಕಡಬನ್ನು ಅವನ ಬಾಯಿಗೆ ಇಟ್ಟರು. ಅಗಿದು ಮುಗಿಸಿ ಮತ್ತೆ ಬಾಯಿ ತೆರೆದ, ಇನ್ನೊಂದು ಹೋಯಿತು. ಬೀಗರದು ಏನು ದೊಡ್ಡ ಕೈ ಎಂದುಕೊಂಡ ಶಾಂತಯ್ಯ. ಮೂರನೆಯದಕ್ಕೆ ತಲಾಟಿ ಶರಣಾಗಿ, ಸರಕಾರಿ ಮೌನ ತಾಳಿ, ಎಣಗಾಯಿಯ ಕಡೆ ತಿರುಗಿದ.

ಫಕೀರಪ್ಪನವರು ರೊಟ್ಟಿ ಮುರಿದು ಎಣಗಾಯಿಯ ಮೊದಲನೆಯ ತುತ್ತು ಬಾಯಿಗಿಟ್ಟರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು, ಮತ್ತೊಂದು ಕೇಳಿದರು. ಲಕ್ಷ್ಮೀಬಾಯಿ ಮಸಾಲೆಯನ್ನು ಬೆರಳಿನಿಂದ ತೀಡಿ ನೋಡಿ, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ಶಾಂತಯ್ಯ ತಡಮಾಡದೆ, ನಮ್ಮ ಮನೆಯವರು ಎಂದ. ದಾಕ್ಷಾಯಿಣಿ ಓಣಿಯಲ್ಲಿ ಒಪ್ಪಿಕೊಳ್ಳುವಂತೆ ಇಲ್ಲಿಯೂ ಒಪ್ಪಿಕೊಂಡಳು. ಆದರೆ ಲಕ್ಷ್ಮೀಬಾಯಿ ಓಣಿಯವರಲ್ಲ. ಗುರೆಳ್ಳು ಎಷ್ಟು ಹುರಿದಿರಿ ಎಂದರು. ದಾಕ್ಷಾಯಿಣಿ ಕೆಂಪಗಾಗುವ ತನಕ ಎಂದಳು. ಕರಿಯ ಗುರೆಳ್ಳು ಕೆಂಪಗಾಗುವುದನ್ನು ಜನ್ಮದಲ್ಲಿ ಕಂಡಿರದ ಲಕ್ಷ್ಮೀಬಾಯಿ ಊಟ ನಿಲ್ಲಿಸಿದರು.

ಸರಿಯಾಗಿ ಅದೇ ಹೊತ್ತಿಗೆ ಬದು ದಾಟಿ ಅಬ್ದುಲಮಜೀದ ಬಂದ. ತಲೆಗೆ ದೊಡ್ಡ ರುಮಾಲು, ಹೆಗಲಿಗೆ ಕಂಬಳಿ, ಕೈಯಲ್ಲಿ ಕುಡುಗೋಲು. ಮುಂಜಾನೆಯಿಂದ ತನ್ನ ಬನ್ನಿಗಿಡದ ಕೆಳಗೆ ಧಣಿಯ ದಾರಿ ಕಾದು ಕಾದು, ಜೋಳದ ಆಚೆ ಚರಗದ ಕೂಗು ಕೇಳಿ ಹುಡುಕಿಕೊಂಡು ಬಂದಿದ್ದ. ತಾಲೀಮು ಮಾಡಿದಂತೆಯೇ ನಡು ಬಗ್ಗಿಸಿ, “ಧಣ್ಯಾರ, ನಿಮ್ಮ ಹೊಲದಾಗ ಕಾದು ಕುಂತೇನಿ, ಇಲ್ಲಿ ಯಾಕ ಕುಂತೀರಿ?” ಎಂದ. ಅನ್ನುತ್ತ ತಲೆ ಎತ್ತಿ ಫಕೀರಪ್ಪನವರನ್ನು ಕಂಡ. ಬಾಜು ಹೊಲದವರು, ಗುರುತಿನವರು. ರೈತನ ಪಾತ್ರ ಅಲ್ಲೇ ಮರೆತುಹೋಯಿತು. “ಅರೆ, ಕಾಕಾ, ನೀವಽ ಇದ್ದೀರಿ. ನಿಮ್ಮ ಹೊಲದಾಗ ನಮ್ಮ ಧಣ್ಯಾರು ಏನ ಮಾಡಾಕತ್ತಾರ?”

ತಲಾಟಿ ಬಾಯಲ್ಲಿದ್ದ ತುತ್ತು ನುಂಗಿ, ಇದನ್ನೇ ನಾನು ಹೇಳಬೇಕೆಂದಿದ್ದೆ ಎಂದ. ನಾಗರತ್ನಾ ಮುಖ ಮುಚ್ಚಿಕೊಂಡಳು. ಪಾಪ, ಅಪ್ಪನ ಪರವಾಗಿ ಯಾವ ಕಾಯಿದೆಯೂ ಅವಳಿಗೆ ನೆನಪಾಗಲಿಲ್ಲ. ಶಾಂತಯ್ಯನ ಕಣ್ಣು ಬನ್ನಿಗಿಡದಿಂದ ಕುಸುಬಿಗೆ, ಕುಸುಬಿಯಿಂದ ಬದುವಿಗೆ, ಬದುವಿನಿಂದ ಬೀಗರಿಗೆ ಬಂದು ನಿಂತಿತು. ಪ್ರತಿ ಮೂಲೆಯಲ್ಲಿ ತನ್ನನ್ನು ಹೊರಳಿಸಿದ್ದು ಈಗ ಅರ್ಥವಾಯಿತು.

“ನನಗ ಹೊಲಾ ಇಲ್ರಿ,” ಎಂದ. “ಅಜ್ಜನ ಕಾಲಕ್ಕಽ ಹೋತು. ಹುಡುಗೀದು ಏನೂ ತಪ್ಪಿಲ್ಲ.”

ಫಕೀರಪ್ಪನವರು ಏನೋ ಹೇಳಲು ಹೋದರು. ಲಕ್ಷ್ಮೀಬಾಯಿ ಕೈ ಅಡ್ಡ ಹಿಡಿದರು.

“ಹೊಲದ ಮಾತು ಆಮ್ಯಾಲೆ. ಈ ಅಡಿಗೀನರ ನಿಮ್ಮ ಮನೀದೋ, ಇದನ್ನೂ ಎಲ್ಲ್ಯರ ಖಾನಾವಳ್ಯಾಗಿಂದ ಎತ್ತಿಕೊಂಡ ಬಂದೀರೋ?”

ಹೊಲದ ಅವಮಾನವನ್ನು ತಲೆ ತಗ್ಗಿಸಿ ನುಂಗಿದ್ದ ಶಾಂತಯ್ಯನಿಗೆ ಇದನ್ನು ನುಂಗಲಾಗಲಿಲ್ಲ. ಖಾನಾವಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತ. ಮೂವತ್ತು ವರ್ಷ ಗಿರಾಕಿಗಳ ಮುಂದೆ ಬಗ್ಗಿದ ಬೆನ್ನು ಅಷ್ಟು ನೆಟ್ಟಗಾದದ್ದನ್ನು ಅವನ ಹೆಂಡತಿಯೂ ನೋಡಿರಲಿಲ್ಲ.

“ಖಾನಾವಳ್ಯಾಗ ಇದು ಹುಟ್ಟೂದಿಲ್ರಿ,” ಎಂದ. “ಗುರೆಳ್ಳು ಚಟಪಟ ಅನ್ನೂ ಮೊದಲಽ ಇಳಿಸಬೇಕು, ಒಂದು ಕಾಳು ಸೀದ್ರ ಇಡೀ ಪಾತೇಲಿ ಕಹಿ. ಹುಣಸಿಹಣ್ಣು ಹೋದ ವರ್ಷದ್ದಽ ಆಗಬೇಕು. ತುಂಬಿದ ಮ್ಯಾಲೆ ಬದನಿಕಾಯಿ ಸುಮ್ಮ ಕೂಡಬೇಕು, ಖಾರ ತಾನಾಗಿ ಒಳಗ ಇಳೀಬೇಕು, ಅವಸರಾ ಮಾಡಿದ್ರ ಆತು, ಕಾಯಿನಽ ಬ್ಯಾರೆ, ಖಾರಾನಽ ಬ್ಯಾರೆ. ಒಂದು ಹನಿ ನೀರ ಹಾಕೂದಿಲ್ಲ. ನೀರ ಮುಚ್ಚಳದ ಮ್ಯಾಲೆ ಇಡತೇನಿ, ಹಬೀಲೇ ಬೇಯತಾವ. ನಮ್ಮವ್ವಗ ಅವರತ್ತಿ ಕಲಿಸಿದ್ದು, ನನಗ ನಮ್ಮವ್ವ ಕಲಿಸಿದ್ದು. ಮಾಡಿದಾಂವ ನಾನು. ಹೊಲಾ ಸುಳ್ಳು. ಎಣಗಾಯಿ ಖರೇ.”

ಮುರಿಗೆವ್ವ ಕುಳಿತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ, “ಖರೇನಽ. ನನಗಿಂತ ಛಲೋ ಮಾಡತಾನ,” ಎಂದಳು. ಮಗನಿಗೆ ಈ ಮಾತನ್ನು ಅವಳು ಹಿಂದೆ ಎಂದೂ ಹೇಳಿರಲಿಲ್ಲ. ಶಾಂತಯ್ಯ ಮುಖ ತಿರುಗಿಸಿ ಕುಸುಬಿಯ ಕಡೆ ನೋಡುತ್ತ ನಿಂತ. ದಾಕ್ಷಾಯಿಣಿ, ಹೊಗಳಿಕೆಯ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುವವಳಂತೆ, ನನಗೆ ಅನ್ನಕ್ಕೆ ನೀರು ಎಷ್ಟಿಡಬೇಕೆಂಬುದೂ ಗೊತ್ತಿಲ್ಲ ಎಂದು ಬೀಗತಿಗೆ ಹೇಳಿಬಿಟ್ಟಳು.

ಲಕ್ಷ್ಮೀಬಾಯಿ ಎಲೆಯನ್ನು ಮುಂದಕ್ಕೆ ಸರಿಸಿ, ಇನ್ನೊಂದು ಬದನೆಕಾಯಿ ಹಾಕಿ ಎಂದು ಶಾಂತಯ್ಯನಿಗೇ ಹೇಳಿದರು.

ಆಗ ಫಕೀರಪ್ಪನವರು ಬಾಯಿಬಿಟ್ಟರು. ಈ ಹೊಲ ಮಾಡುವ ರೈತ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಈ ವರ್ಷ ಇಲ್ಲಿ ಚರಗ ಚೆಲ್ಲುವವರು ಯಾರೂ ಇರಲಿಲ್ಲ. ಊರ ಹೊಲಗಳೆಲ್ಲ ಉಣ್ಣುವಾಗ ಇದೊಂದು ಉಪವಾಸ ಎಂಬ ಕೊರಗು ಅವರಿಗೆ ಮುಂಜಾನೆಯಿಂದ ಇತ್ತು. ಕಾರು ಇಲ್ಲೇ ಬಂದು ನಿಂತಾಗ ಮೊದಲು ಸಿಟ್ಟು ಬಂದಿತ್ತಂತೆ, ಇಳಿದು ಜಾಡಿಸಬೇಕೆಂದಿದ್ದರಂತೆ. ಅಷ್ಟರಲ್ಲಿ ಬುತ್ತಿಗಳು ಒಂದೊಂದಾಗಿ ಟೆಂಪೊದಿಂದ ಇಳಿದವು.

“ಬಸುರೀನ ಉಪಾಸ ಕೆಡವಬಾರದು ಅಂತ ನಮ್ಮವ್ವ ಅಂತಿದ್ಲು,” ಎಂದರು. “ನನ್ನ ಭೂಮಿಗೆ ನೀವು ಹೊಟ್ಟಿತುಂಬ ಉಣಿಸೀರಿ. ಇನ್ನ ಯಾರ ಹೊಲಾ ಅಂತ ಏನ ಕೇಳೂದೈತಿ. ನಂದು ಹೂಂ.”

ಮಜೀದ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದ. ನಾಗರತ್ನಾ ಅಜ್ಜಿಯ ತೊಡೆಗೆ ಮುಖ ಒತ್ತಿ ಕುಳಿತಳು, ನಗುತ್ತಿದ್ದಳೋ ಅಳುತ್ತಿದ್ದಳೋ ಬೆನ್ನು ನೋಡಿದರೆ ತಿಳಿಯುತ್ತಿರಲಿಲ್ಲ. ಫಕೀರಪ್ಪನವರು ಕೈ ತೊಳೆದುಕೊಂಡು, ಹುಡುಗಿಗೆ ಅಡುಗೆ ಬರುತ್ತದೋ ಇಲ್ಲವೋ ಎಂದು ಕೇಳುವವನಿದ್ದೆ, ಈಗ ಕೇಳುವುದಿಲ್ಲ ಎಂದು ನಕ್ಕರು. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶಾಂತಯ್ಯ ಸೌಟು ಹಿಡಿದೇ ನಿಂತಿದ್ದ. ಸೌಟು ಹಿಡಿದ ಮನುಷ್ಯ ನಾಲ್ಕು ಜನರ ಮುಂದೆ ಮೊದಲ ಸಲ ಹಾಗೆ ನಿಂತಿದ್ದ, ಮತ್ತು ಆ ನಿಲುವು ಅವನಿಗೆ ಹಿಡಿಸಿತ್ತು.

“ನೀವು ಹೂಂ ಅಂದ್ರಿ. ನಾನಿನ್ನೂ ಅಂದಿಲ್ಲ,” ಎಂದ.

ಎಲ್ಲರೂ ಅವನತ್ತ ತಿರುಗಿದರು. ಶಾಂತಯ್ಯ ಬಸವಕಿರಣನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

“ಹುಡುಗಗ ಅಡಿಗಿ ಬರತೈತೇನು?”

ಬಸವಕಿರಣ ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ. ಎರಡೂ ಕಡೆ ಸಹಾಯ ಸಿಗಲಿಲ್ಲ. ಚಹಾ ಬರುತ್ತದೆ ಎಂದ.

“ಹಂಗಾದ್ರ ಐತವಾರ ನಮ್ಮ ಮನೀಗೆ ಬರ್ರಿ. ಬರೂಮುಂದ ಬದನಿಕಾಯಿ ನೀವಽ ಆರಿಸಿ ತರ್ರಿ. ಬದನಿಕಾಯಿ ನೋಡಿ ಮುಂದಿನ ಮಾತು.”

ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಂದ ಇಂಥ ಮಾತು ಕೇಳಿ ಸುಮ್ಮನಿದ್ದದ್ದು ಆ ಸೀಮೆಯಲ್ಲಿ ಅದೇ ಮೊದಲಿರಬೇಕು. ಲಕ್ಷ್ಮೀಬಾಯಿ ಮಗನಿಗೆ, ತೊಟ್ಟು ಹಸಿರಿರಬೇಕು, ಒತ್ತಿದರೆ ಪುಟಿಯಬೇಕು ಎಂದು ಪಿಸುಗುಟ್ಟುತ್ತಿದ್ದರು. ಶಾಂತಯ್ಯ, ಹೇಳಿಕೊಡುವಂತಿಲ್ಲ ಎಂದು ಅವರನ್ನೂ ತಡೆದ. ಆಗ ಧಾರವಾಡದ ದೊಡ್ಡ ವ್ಯಾಪಾರಿ, ಹಲವು ಹೊಲಗಳ ಧಣಿ ಫಕೀರಪ್ಪನವರು ಬನ್ನಿಗಿಡದ ಕೆಳಗೆ ಕೈಕಟ್ಟಿಕೊಂಡು ನಿಂತು, ಬಲು ವಿನಯದಿಂದ ಕೇಳಿದರು:

“ಬೀಗರ, ಅವಗ ಆರಿಸಾಕ ಬರಲಿಲ್ಲಂದ್ರ, ಅವನ ಸಂಗಾಟ ನಾನೂ ಕಲಿಯಾಕ ಬಂದ್ರ ನಡೀತೈತೇನ್ರಿ?”